ಮೆತ್ತೆ ಹೊದ್ದ ಚಾರ್ಜರು

ಕೈಗೆ ಸೂಜಿ ಸಿಕ್ಕಿದರೆ ಸಾಕು, ಲೋಕದ ಸಂಕಟವೆಲ್ಲ ಒಂದಿಷ್ಟು ಸ್ಪಂಜು ತುಂಬಿ ಹೊಲಿದರೆ ಮುಗಿಯುತ್ತದೆ ಎಂದು ಮೆತ್ತೆರಾಯನಿಗೆ ಅನ್ನಿಸುತ್ತಿತ್ತು. ಬಸ್ಸು, ಲಾರಿ, ಸಿನಿಮಾ ಮಂದಿರ, ಹಲ್ಲಿನ ಡಾಕ್ಟರ ಕುರ್ಚಿ, ಮನುಷ್ಯ ಕೂರುವ ಜಾಗ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಮೆತ್ತೆ ಹೊಲಿದು ಬದುಕಿದವನು. ಅಂಗಡಿ ಬೀದಿಯಲ್ಲಿ ಯಾರೋ ತಮಾಷೆಗೆ ಮೆತ್ತೆರಾಯ ಎಂದದ್ದು ಬಿಡದೆ ಅಂಟಿಕೊಂಡಿತು. ಕೊನೆಕೊನೆಗೆ ಹೆಂಡತಿಯ ಅಕ್ಕ ಕೂಡ ಫೋನಿನಲ್ಲಿ, "ನಿಮ್ಮ ಮೆತ್ತೆರಾಯರು ಹೇಗಿದ್ದಾರೆ?" ಎಂದೇ ಕೇಳುತ್ತಿದ್ದಳು.

ಈ ಅಕ್ಕ ಇದ್ದದ್ದು ದೂರದ ಸಮುದ್ರದ ದಡದಲ್ಲಿ. ಮಂಡಿ ಸವೆದು ಹೋಗಿ ಮೆಟ್ಟಿಲಿಳಿಯುವುದೇ ಕಷ್ಟ, ಇನ್ನು ತಂಗಿಯ ಮನೆಗೆ ಬರುವುದೆಲ್ಲಿ? ತಂಗಿಯೇ ಹೋಗೋಣವೆಂದರೆ ಅವಳಿಗೂ ಕೀಲುನೋವು. ಒಂದೇ ಸಮನೆ ಕೂತು ಹೋಗುವಂತಿಲ್ಲ. ಸಾಲದ್ದಕ್ಕೆ ಆ ನೋವಿಗೆ ಅವಳು ತೆಗೆದುಕೊಳ್ಳುವ ಇಂಜೆಕ್ಷನ್ನನ್ನು ಸದಾ ತಣ್ಣಗೆ ಇಟ್ಟಿರಬೇಕು, ಬಿಸಿಯಾದರೆ ಕೆಟ್ಟಿತು, ದಾರಿಯ ಅಂಗಡಿಗಳಲ್ಲಿ ಸಿಗುವಂಥದ್ದೂ ಅಲ್ಲ. ಅಕ್ಕ ತಂಗಿ ಫೋನಿನಲ್ಲೇ ಮುದುಕಿಯರಾಗುತ್ತಿದ್ದರು. ಇದನ್ನು ನೋಡಲಾರದೆ ಮೆತ್ತೆರಾಯ ವಯಸ್ಸಾಗಿ ಅಂಗಡಿ ಮುಚ್ಚಿದ ಮೇಲೆ, ಬ್ರೆಡ್ಡು ಸಾಗಿಸುತ್ತಿದ್ದ ಒಂದು ಹಳೇ ವ್ಯಾನು ಕೊಂಡ. ಅದರೊಳಗೆ ಮಂಚ, ಒಲೆ, ಚಿಕ್ಕದೊಂದು ಫ್ರಿಜ್ಜು ಎಲ್ಲ ಕೂರಿಸಿದ. ಮನೆಯೇ ಚಕ್ರ ಕಟ್ಟಿಕೊಂಡು ಹೋಗಲಿ ಎನ್ನುವುದು ಅವನ ಲೆಕ್ಕ.

ಮೊದಲ ಸಲ ಬೀದಿಯ ಕೊನೆಯವರೆಗೆ ಓಡಿಸಿ ನೋಡಿದಾಗ ಹೆಂಡತಿ ಕಿವಿ ಮುಚ್ಚಿಕೊಂಡು, "ಅಯ್ಯೋ, ಈ ತಗಡಿನ ಗಲಾಟೆ ತಡೆಯೋಕಾಗಲ್ಲ ಕಣ್ರಿ," ಎಂದಿದ್ದಳು. ಅವಳು ಪ್ರಾಯವನ್ನೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಕಟ್ಟಿಕೊಂಡು ಕಳೆದವಳು. ಈಗ ಎಡಗಿವಿಯಲ್ಲಿ ಕುಯ್ಯೆಂದು ಒಂದು ಶಿಳ್ಳೆ, ಹಗಲೂ ರಾತ್ರಿ. ಪಾಪ, ಒಳಗಿನದೇ ಸಾಲದೆ ಹೊರಗಿನದೂ ಬೇರೆ ಎಂದು ಮೆತ್ತೆರಾಯ ಆ ಒಂದು ಮಾತನ್ನು ಎದೆಗೆ ಹಚ್ಚಿಕೊಂಡ. ಚಳಿಗಾಲವಿಡೀ ಹೊಲಿದ. ಗೋಡೆಗೆ ಮೆತ್ತೆ, ಸೂರಿಗೆ ಮೆತ್ತೆ, ಚಮಚಗಳಿಗೆ ಒಂದೊಂದು ಜೇಬು, ಕೆಟಲಿಗೆ ಅಂಗಿ. ವ್ಯಾನು ಎಂಥ ಹಳ್ಳಕ್ಕೆ ಬಿದ್ದರೂ ಒಳಗೆ ಪಿಟ್ಟೆನ್ನಬಾರದು.

ಕಡೆಗೆ ಅವನ ಕಣ್ಣು ಬಿದ್ದದ್ದು ಮಂಚದ ಕೆಳಗಿನ ಬೀರುವಿನಲ್ಲಿದ್ದ ಚಾರ್ಜರಿನ ಮೇಲೆ. ವ್ಯಾನು ಓಡುವಾಗ ಇಂಜಿನ್ನಿನ ಕರೆಂಟನ್ನು ಹಿಂದಿನ ದೊಡ್ಡ ಬ್ಯಾಟರಿಗೆ ತುಂಬಿಸುವ ಡಬ್ಬಿ ಅದು. ಆ ಬ್ಯಾಟರಿ ತುಂಬಿದ್ದರೆ ಫ್ರಿಜ್ಜು, ಫ್ರಿಜ್ಜು ನಡೆದರೆ ಇಂಜೆಕ್ಷನ್ನು, ಇಂಜೆಕ್ಷನ್ನು ಉಳಿದರೆ ಪ್ರಯಾಣ. ಅಳಿಯ ವೈರಿಂಗ್ ಕೆಲಸದವನು. ಅವನೇ ಬಂದು ಅದನ್ನು ಬರೀ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿ ಹೋಗಿದ್ದ. ಅವನ ಬೆನ್ನು ಕಂಡದ್ದೇ ತಡ, ಮಾವ ಸ್ಕ್ರೂ ಬಿಚ್ಚಿದ. ಹಲಗೆಗೂ ಡಬ್ಬಿಗೂ ನಡುವೆ ಸ್ಪಂಜು, ಎಡಬಲಕ್ಕೆ ಸ್ಪಂಜು, ಮೇಲೆ ಕೆಳಗೆ ಸ್ಪಂಜು, ಅದಕ್ಕೆಲ್ಲ ಕಾಫಿ ಬಣ್ಣದ ರೆಕ್ಸಿನ್ನು, ರೆಕ್ಸಿನ್ನಿಗೆ ಡೈಮಂಡ್ ಹೊಲಿಗೆ. ಮುಂದೆ ಗುಂಡಿ ಹಾಕುವ ಮುಚ್ಚಳ. ದೀಪ ಕಾಣಲೆಂದು ಒಂದು ಪುಟ್ಟ ಕಂಡಿ ಕತ್ತರಿಸಿ, ಅದರ ಅಂಚಿಗೂ ಪೈಪಿಂಗು ಕೊಟ್ಟಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇವನು ದಿನಕ್ಕೊಮ್ಮೆ ಬೀರು ತೆರೆದು ಅದನ್ನು ಸವರಿ ಮುಚ್ಚುತ್ತಿದ್ದ.

ಹೊರಟ ದಿನ ಎಲ್ಲ ಸುಸೂತ್ರ. ಮಾರನೇ ದಿನ ಬಿಸಿಲೇರಿದಾಗ ಆ ಪುಟ್ಟ ಕಂಡಿಯಲ್ಲಿ ಹಸಿರು ದೀಪ ಹೋಗಿ ಕೆಂಪು ಬಂತು. ಗಾಡಿ ನಿಲ್ಲಿಸಿ ಮುಟ್ಟಿ ನೋಡಿದರೆ ಡಬ್ಬಿ ಕೆಂಡವಾಗಿತ್ತು. ಚಾರ್ಜರು ತನ್ನ ಜೀವ ಉಳಿಸಿಕೊಳ್ಳಲು ತಾನೇ ಬಂದ್ ಆಗಿತ್ತು. ಆರಿದ ಮೇಲೆ ಮತ್ತೆ ಹಸಿರು, ಸ್ವಲ್ಪ ದೂರ ಹೋದರೆ ಮತ್ತೆ ಕೆಂಪು. ಸಂಜೆ ಬ್ಯಾಟರಿ ಅರ್ಧಕ್ಕೆ ಇಳಿದಿತ್ತು. ಮೆತ್ತೆರಾಯ ಅಳಿಯನಿಗೆ ಫೋನು ಮಾಡಿದ.

"ಬಿಸಿಯಾದ್ರೆ ಅದು ನಿಂತುಬಿಡುತ್ತೆ, ಮಾವ. ಸುತ್ತ ಗಾಳಿ ಆಡೋಕೆ ಜಾಗ ಇದೆ ತಾನೆ? ನಾನು ಹಲಗೆಗೆ ಹಾಕಿದ್ದೆನಲ್ಲ, ಹಾಗೇ ಇದೆ ಅಲ್ವಾ?"

"ಹಲಗೆ ಹಾಗೇ ಇದೆ," ಎಂದ ಮೆತ್ತೆರಾಯ. ಹಲಗೆ ಹಾಗೆಯೇ ಇದ್ದದ್ದು ನಿಜ. ಹಲಗೆಗೂ ಚಾರ್ಜರಿಗೂ ನಡುವೆ ಏನು ಬಂದು ಕೂತಿದೆ ಎಂದು ಅಳಿಯ ಕೇಳಲಿಲ್ಲ, ಮಾವ ಹೇಳಲಿಲ್ಲ. ಅಳಿಯನ ಮುಂದೆ ಮಾನ ಬಿಟ್ಟವರುಂಟೆ!

"ಹಾಗಾದ್ರೆ ಒಂದು ಚಿಕ್ಕ ಫ್ಯಾನ್ ಇಟ್ಟುಬಿಡಿ ಮಾವ. ಹಳೇ ಕಂಪ್ಯೂಟರಿನದಾದ್ರೂ ಸಾಕು. ಒಂದು ಸ್ವಿಚ್ ಹಾಕಿಕೊಂಡ್ರೆ ಬೇಕಾದಾಗ ಓಡಿಸಬಹುದು."

ಮರುದಿನ ದಾರಿಯಲ್ಲಿ ಸಿಕ್ಕ ರಿಪೇರಿ ಅಂಗಡಿಯೊಂದರಲ್ಲಿ ಅಂಗೈಯಗಲದ ಫ್ಯಾನು ಸಿಕ್ಕಿತು. ಅದನ್ನು ಹಾಗೇ ಇಡುವ ಜಾಯಮಾನ ಇವನದಲ್ಲ. ಮೆತ್ತೆಯೊಳಗೇ ಜಾಲರಿ ಬಟ್ಟೆಯ ಜೇಬು ಹೊಲಿದು ಅದರಲ್ಲಿ ಕೂರಿಸಿ ಗುಂಡಿ ಹಾಕಿದ. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಕಿವಿಯಿಟ್ಟರೂ ಗೊತ್ತಾಗದು. "ನೋಡು, ಸದ್ದೇ ಇಲ್ಲ!" ಎಂದು ಹೆಂಡತಿಗೆ ತೋರಿಸಿ ಬೀಗಿದ. ಅವಳು ಹೂಂ ಎಂದು ದಿಂಬಿಗೆ ಮುಖ ತಿರುಗಿಸಿದಳು. ಮುಚ್ಚಿದ ಗೂಡಿನಲ್ಲಿ ಫ್ಯಾನು ಅದೇ ಬಿಸಿಗಾಳಿಯನ್ನು ಮಗುಚಿ ಮಗುಚಿ ಹಾಕುತ್ತಿತ್ತು. ಮೊದಲಿಗಿಂತ ಬೇಗ ಕೆಂಪು ದೀಪ ಬಂತು.

ಆಮೇಲೆ ಟವೆಲು ಒದ್ದೆ ಮಾಡಿ ಬೀರುವಿನ ಬಾಗಿಲ ಹೊರಗೆ ತೂಗುಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಬಾಗಿಲು ತಣ್ಣಗಾಯಿತು, ಹಾಸಿದ್ದ ಚಾಪೆ ನೆನೆಯಿತು, ಚಾರ್ಜರು ಒಳಗೆ ಬೇಯುತ್ತಲೇ ಇತ್ತು. ಅಂದು ಸಂಜೆ ಫ್ರಿಜ್ಜಿನ ಮೇಲಿನ ಉಷ್ಣಾಂಶದ ಅಂಕಿ ಮೆಲ್ಲಗೆ ಏರಲು ಶುರುವಾಯಿತು.

ಬೆಳಿಗ್ಗೆ ಚಹಾ ಕುಡಿಯುತ್ತ ಹೆಂಡತಿಯೇ ಮಾತೆತ್ತಿದಳು. ಅವಳ ಕಣ್ಣು ಕೆಂಪಾಗಿತ್ತು. "ಮುಂದೆ ದೊಡ್ಡ ರಸ್ತೆ ಸೇರೋ ಕಡೆ ಎಡಕ್ಕೆ ಹೋದ್ರೆ ಸಮುದ್ರ, ಬಲಕ್ಕೆ ಹೋದ್ರೆ ನಮ್ಮೂರು ಅಲ್ವಾ? ಅಷ್ಟರಲ್ಲಿ ಬ್ಯಾಟರಿ ತುಂಬದಿದ್ರೆ ಬಲಕ್ಕೆ ತಿರುಗಿಸಿಬಿಡಿ. ಔಷಧಿ ಕೆಡಿಸಿಕೊಂಡು ಹೋಗಿ ಅಕ್ಕನ ಮನೇಲಿ ಮಲಗೋಕಾಗಲ್ಲ. ಅವಳಿಗೆ ನಾನೇ ಹೇಳ್ತೀನಿ."

ಅಳಲಿಲ್ಲ, ಗೊಣಗಲಿಲ್ಲ. ಲೋಟ ತೊಳೆದು ಅದರ ಮೆತ್ತೆಯ ಜೇಬಿಗಿಟ್ಟಳು. ಅಕ್ಕನಿಗೆಂದು ಅವಳು ಒಂದು ಶಾಲು ಕೊಂಡಿದ್ದಳು. ಆ ಪೊಟ್ಟಣವನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಬಂದಿದ್ದಳು.

ದೊಡ್ಡ ರಸ್ತೆ ಸೇರುವ ಮುಂಚೆ ಒಂದು ಪೆಟ್ರೋಲ್ ಬಂಕು. ಅದರ ಹಿಂದೆ ಮರಗಳ ನೆರಳು. ಅಲ್ಲಿ ನಿಲ್ಲಿಸಿ ಮೆತ್ತೆರಾಯ ಇಂಜಿನ್ನು ಆರಿಸಿ, ಮಂಚದ ಮುಂದೆ ಮಂಡಿಯೂರಿ ಬೀರು ತೆರೆದ. ದೀಪ ಕೆಂಪಾಗಿಯೇ ಇತ್ತು. ಗುಂಡಿ ಬಿಚ್ಚಿ ಮೆತ್ತೆಗೂ ಡಬ್ಬಿಗೂ ನಡುವೆ ಕೈ ತೂರಿಸಿದ. ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ಹಾಕಿದಂತೆ ಒಳಗೆಲ್ಲ ಬೆಚ್ಚಗೆ.

ಈ ಬೆಚ್ಚನೆಯ ಪರಿಚಯ ಅವನ ಕೈಗಿತ್ತು. ಚಳಿಯಲ್ಲಿ ಗಾಡಿ ಓಡಿಸುವ ಲಾರಿ ಡ್ರೈವರುಗಳಿಗೆ ಅವನೇ ಎದೆತಟ್ಟಿ ಹೇಳುತ್ತಿದ್ದ, "ನನ್ನ ಸೀಟಿನ ಮೇಲೆ ಒಂದು ಗಳಿಗೆ ಕೂತು ನೋಡಿ, ನಿಮ್ಮ ಮೈಯ ಬಿಸಿ ಬೆಳಗಿನ ತನಕ ಆರಲ್ಲ." ಮನುಷ್ಯನ ಬಿಸಿಯನ್ನು ಆರಗೊಡದ ಸ್ಪಂಜು ಚಾರ್ಜರಿನ ಬಿಸಿಯನ್ನು ಎಲ್ಲಿಗೆ ಬಿಟ್ಟೀತು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ! ಇಷ್ಟು ದಿನ ಗಾಳಿಯನ್ನು ಹುಡುಕಿದ್ದೇನು, ಬಿಸಿಲನ್ನು ಬೈದದ್ದೇನು. ಅದರ ಉಸಿರು ಕಟ್ಟಿಸಿದವನು ತಾನೇ.

ಆದರೂ ಕೈ ಬ್ಲೇಡಿನ ಕಡೆಗೆ ಹೋಗಲಿಲ್ಲ. ಹೆಗ್ಗಣದ ಮುದ್ದು ಒಂದು ಪಾಲಾದರೆ, ಇನ್ನೊಂದು ಪಾಲು ಹೆಂಡತಿಯ ಕಿವಿ. ಇದನ್ನು ಕಿತ್ತರೆ ಡಬ್ಬಿ ಹಲಗೆಯ ಮೇಲೆ ನಡುಗುತ್ತದೆ, ಫ್ಯಾನು ಗುಂಯ್‌ಗುಡುತ್ತದೆ, ಅದೂ ಅವಳ ತಲೆಯ ಹತ್ತಿರವೇ.

"ಇನ್ನೊಂದು ಫ್ಯಾನು ಹಾಕಿ ನೋಡೋಣ ಕಣೇ," ಎಂದ, ಅವಳ ಮುಖ ನೋಡದೆ.

ಹೆಂಡತಿ ಮಂಚದ ಮೇಲೆ ಎದ್ದು ಕೂತಳು. "ರೀ, ನಾನು ನಿಮ್ಮ ಜೊತೆ ಇಷ್ಟು ವರ್ಷ ಬಾಳಿದ್ದೀನಿ. ರೆಕ್ಸಿನ್ ಬೇಯೋ ವಾಸನೆ ನನಗೆ ಗೊತ್ತಾಗಲ್ವಾ? ಬಿಚ್ಚಿ ಅದನ್ನ."

"ಸದ್ದು ಬರುತ್ತೆ ಕಣೇ."

"ಬರಲಿ."

"ನಿನ್ನ ಕಿವಿ..."

"ನನ್ನ ಕಿವಿ!" ಅವಳು ನಕ್ಕಳೋ ನಿಟ್ಟುಸಿರು ಬಿಟ್ಟಳೋ ಅವನಿಗೆ ತಿಳಿಯಲಿಲ್ಲ. "ತಗಡಿನ ಗಲಾಟೆ ಬೇಡ ಅಂದಿದ್ದೆ, ನಿಜ. ಸದ್ದೇ ಬೇಡ ಅಂದಿದ್ನಾ? ಹೊರಗೆ ಮೆಲ್ಲಗೆ ಏನಾದ್ರೂ ಗುಂಯ್ ಅಂತಿದ್ರೆ ಈ ಶಿಳ್ಳೆ ಅದರಲ್ಲಿ ಮುಳುಗಿ ಹೋಗುತ್ತೆ. ಮನೇಲಿ ನಿಮ್ಮ ಹೊಲಿಗೆ ಮಷೀನು ಓಡ್ತಿದ್ದಾಗ ನಾನು ಎಷ್ಟು ಚೆನ್ನಾಗಿ ಮಲಗ್ತಿದ್ದೆ, ನೋಡಿಲ್ವಾ ನೀವು? ಈಗ ಒಂದೊಂದೇ ಸದ್ದು ಹೊಲಿದು ಮುಚ್ಚಿಬಿಟ್ರಿ. ಈ ವ್ಯಾನಲ್ಲಿ ಮಲಗಿದ್ರೆ ನನಗೆ ಕೇಳೋದು ಶಿಳ್ಳೆ ಒಂದೇ. ಮನೆ ಬಿಟ್ಟಾಗಿನಿಂದ ಕಣ್ಣು ಮುಚ್ಚಿಲ್ಲ ನಾನು."

ಮೆತ್ತೆರಾಯ ಕೂತಲ್ಲೇ ಕೂತ. "ಮೊದಲೇ ಹೇಳಬಾರದಿತ್ತಾ?"

"ಹೇಗೆ ಹೇಳಲಿ? ಬೆರಳೆಲ್ಲ ತೂತು ಮಾಡಿಕೊಂಡು ಹೊಲೀತಿದ್ರಿ. ಒಂದೊಂದು ಮುಗಿದಾಗಲೂ ಹೇಗಿದೆ ಅಂತ ಮಗು ಥರ ಮುಖ ನೋಡ್ತಿದ್ರಿ."

ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವಳ ಮೇಲೆ ಅಕ್ಕರೆ ಉಕ್ಕಿ ಬಂತು. ಚಳಿಗಾಲವಿಡೀ ಅವಳ ಪಕ್ಕದಲ್ಲೇ ಕೂತು ಹೊಲಿದವನು, ನಿನಗೆ ಏನು ಬೇಕು ಎಂದು ಒಂದು ಸಲವೂ ಕೇಳಿರಲಿಲ್ಲ. ಕೈ ಚಾಚಿ, "ಬ್ಲೇಡು ಕೊಡು," ಎಂದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೊದಲು ಫ್ಯೂಸು ತೆಗೆದಿಟ್ಟು ಹೊಲಿಗೆಗೆ ಬ್ಲೇಡು ಹಾಕಿದ. ಡೈಮಂಡ್ ಹೊಲಿಗೆ ಚರಚರ ಬಿಚ್ಚಿಕೊಂಡಿತು. ಹೆಂಡತಿ ಒಂದು ತುದಿ ಹಿಡಿದು ಎಳೆದಳು, ಅವನು ಇನ್ನೊಂದು ತುದಿ. ಬರಿಮೈಯಾದ ಚಾರ್ಜರು ಹಲಗೆಯ ಮುಂದೆ ಒದ್ದೆಕೋಳಿಯ ಹಾಗೆ ನಿಂತಿತ್ತು. ಅದರ ಬೆನ್ನು ಹಲಗೆಗೆ ತಾಗದೆ ಗಾಳಿ ಆಡಬೇಕಲ್ಲ? ಹೊಲಿಗೆಯ ಡಬ್ಬಿ ಕೆದಕಿ, ದಾರ ಸುತ್ತುವ ಕಬ್ಬಿಣದ ಬಾಬಿನ್ನುಗಳನ್ನು ತೆಗೆದು, ಮೂಲೆಗೊಂದರಂತೆ ಹಲಗೆಗೂ ಡಬ್ಬಿಗೂ ನಡುವೆ ಇಟ್ಟು ಉದ್ದ ಸ್ಕ್ರೂ ಹಾಕಿದ. ಬೀರುವಿನ ಕೆಳಗಿನ ಡ್ರಾಯರು ಎಳೆದು ಹೊರಗಿಟ್ಟ, ತಣ್ಣನೆ ಗಾಳಿ ಅಲ್ಲಿಂದ ಬರಲಿ. ಬಾಗಿಲ ಮೇಲ್ಭಾಗದಲ್ಲಿ ತೂತು ಕೊರೆದು ಫ್ಯಾನನ್ನು ಹೊರಮುಖವಾಗಿ ಕೂರಿಸಿದ, ಬಿಸಿಗಾಳಿ ಅಲ್ಲಿಂದ ಹೋಗಲಿ. ಅದರ ಸ್ವಿಚ್ಚನ್ನು ಮಂಚದ ಅಂಚಿಗೆ ಹಾಕಿದ. ಫ್ಯಾನಿನ ಸುತ್ತ ತೆಳ್ಳಗೆ ಒಂದು ಪಟ್ಟಿ ಸ್ಪಂಜು ಇಡಲೇ ಎಂದು ಕೈ ತುರಿಸಿತು. ಹೆಂಡತಿ ನೋಡುತ್ತಿದ್ದಳು. ಸ್ಪಂಜನ್ನು ಮೂಲೆಗೆಸೆದ.

ಫ್ಯೂಸು ಹಾಕಿ ಇಂಜಿನ್ನು ಚಾಲೂ ಮಾಡಿದಾಗ ಹಸಿರು ದೀಪ ಬಂತು. ಸ್ವಿಚ್ಚು ಒತ್ತಿದ. ಫ್ಯಾನು ಗುಂಯ್ ಎಂದಿತು. ಡಬ್ಬಿ ಹಲಗೆಯ ಮೇಲೆ ಸಣ್ಣಗೆ ನಡುಗಿ ದನಿಗೂಡಿಸಿತು. ಮೆತ್ತೆರಾಯ ಹಲ್ಲು ಕಚ್ಚಿಕೊಂಡು ಗಾಡಿ ಬಿಟ್ಟ. ಫ್ರಿಜ್ಜಿನ ಅಂಕಿ ಔಷಧಿ ತಾಳುವ ಗಡಿಗೆ ಬಂದು ನಿಂತಿತ್ತು, ದಾಟಿರಲಿಲ್ಲ. ಅಲ್ಲಲ್ಲಿ ನಿಲ್ಲಿಸಿ ದೀಪ ನೋಡಿದ, ಹಸಿರು. ಡಬ್ಬಿ ಮುಟ್ಟಿದ, ಕೈ ಸುಡಲಿಲ್ಲ. ದೊಡ್ಡ ರಸ್ತೆ ಬರುವ ಹೊತ್ತಿಗೆ ಫ್ರಿಜ್ಜಿನ ಅಂಕಿ ಇಳಿಯತೊಡಗಿತ್ತು.

"ಎಡಕ್ಕೆ ತಿರುಗಿಸ್ತಿದ್ದೀನಿ ಕಣೇ!" ಎಂದು ಕೂಗಿದ. ಕನ್ನಡಿಯಲ್ಲಿ ನೋಡಿದರೆ ಹೆಂಡತಿ ಶಾಲಿನ ಪೊಟ್ಟಣ ತಬ್ಬಿಕೊಂಡು, ಬಾಯಿ ಸ್ವಲ್ಪ ತೆರೆದು, ಗೊರಕೆ ಹೊಡೆಯುತ್ತಿದ್ದಳು.

ಅಕ್ಕನ ಮನೆ ತಲುಪಿದಾಗ ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದಳು. ಅಕ್ಕ ತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು, ಆಮೇಲೆ ಯಾರ ಕೂದಲು ಹೆಚ್ಚು ಉದುರಿದೆ ಎಂದು ಜಗಳವಾಡಿದರು. ಮರುದಿನ ಊಟವಾದ ಮೇಲೆ ಅಕ್ಕ ಒಳಗಿನ ಕೋಣೆಯಲ್ಲಿ ತಂಗಿಗೆ ಹಾಸಿಗೆ ಹಾಸಿಕೊಟ್ಟಳು. ದಪ್ಪ ಗೋಡೆ, ದಪ್ಪ ಪರದೆ, ಕಡಲಿನ ಸದ್ದೂ ಒಳಗೆ ಬಾರದಂಥ ಕೋಣೆ. ಎಂಥ ಪ್ರಶಾಂತ ಕೋಣೆ ಎಂದು ಮೆತ್ತೆರಾಯನೂ ಹೊಗಳಿದ.

ಸ್ವಲ್ಪ ಹೊತ್ತಿಗೆ ಅಂಗಳಕ್ಕೆ ಬಂದವನಿಗೆ ವ್ಯಾನಿನಿಂದ ಗುಂಯ್ ಎನ್ನುವುದು ಕೇಳಿಸಿತು. ಇಂಜಿನ್ನು ಆರಿದೆ, ಚಾರ್ಜರಿಗೆ ಕೆಲಸವಿಲ್ಲ, ಫ್ಯಾನು ಏಕೆ ತಿರುಗುತ್ತಿದೆ? ಸ್ವಿಚ್ಚು ಕೆಟ್ಟಿರಬೇಕು. ಸ್ಕ್ರೂಡ್ರೈವರು ಹಿಡಿದು ಮೆಲ್ಲಗೆ ಬಾಗಿಲು ಸರಿಸಿದ.

ಹೆಂಡತಿ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಎಡಗಿವಿ ಫ್ಯಾನಿನ ಕಡೆಗಿತ್ತು, ಒಂದು ಕೈ ಸ್ವಿಚ್ಚಿನ ಹತ್ತಿರ ಚಾಚಿತ್ತು.

"ಏನು ಕೆಟ್ಟಿದೆ ಮೆತ್ತೆರಾಯರೇ?" ಎಂದು ಅಕ್ಕ ಬಾಗಿಲಿಂದ ಕೂಗಿದಳು.

ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ, ಬಾಗಿಲನ್ನು ಸದ್ದಾಗದಂತೆ ಎಳೆದು, ವ್ಯಾನಿನ ಮೆಟ್ಟಿಲ ಮೇಲೆ ಕೂತ.

"ಏನೂ ಕೆಟ್ಟಿಲ್ಲ ಅಕ್ಕಾ," ಎಂದ.