ಬಾವಿಗಿಳಿಸಿದ ಇಂಜಿನ್

ನೀರು ಬರುತ್ತಿದೆ, ಪೈಪಿನ ಬಾಯಿಂದ ತೋಳಿನಷ್ಟು ದಪ್ಪ, ಹೊಗೆಸೊಪ್ಪಿನ ಸಸಿಮಡಿಗೆ ಬಿದ್ದು ನೊರೆಯೇಳುತ್ತಿದೆ, ಇಷ್ಟು ನೀರು ನೋಡಿ ಕುಣಿಯಬೇಕಾದ ನನ್ನ ಗಂಡ ಬಾವಿಯೊಳಗಿದ್ದಾರೆ, ಕೂಗಿದರೆ ಓಗೊಡುತ್ತಿಲ್ಲ, ಒಳಗಿಂದ ಬರುವುದು ಇಂಜಿನ್ನಿನ ಸದ್ದೊಂದೇ — ಮಾವ ಪಂಚೆ ಎತ್ತಿ ಕಟ್ಟಿ ಮೆಟ್ಟಿಲುಗಲ್ಲಿಗೆ ಕಾಲಿಟ್ಟಿದ್ದಾರೆ, ಇವರ ಎದುರು ತಲೆಯೆತ್ತಿ ಮಾತಾಡಿದವಳಲ್ಲ ನಾನು, ಈಗ ಎರಡೂ ಕೈಯಿಂದ ಇವರ ಸೊಂಟ ಹಿಡಿದಿದ್ದೇನೆ, ಬುಡು ಕಣವ್ವ, ನನ್ ಮಗ ಒಳಗವ್ನೆ, ಬುಡೇ, ಇಲ್ಲ ಮಾವ, ಇಂಜಿನ್ ಹೊಗೆ ತುಂಬ್ಕಂಡದೆ, ಇಳಿದ್ರೆ ನೀವೂ ಬರಲ್ಲ, ಆಳು ಕಂಠಪ್ಪ ಜನ ಕರೆಯೋಕೆ ಓಡವ್ನೆ, ತಡೀರಿ — ಬೆಳಿಗ್ಗೆ ನಾಲ್ಕು ಜನ ಹಗ್ಗ ಕಟ್ಟಿ ಇಂಜಿನ್ನನ್ನು ಅರ್ಧ ಬಾವಿಯ ಕಲ್ಲುಕಟ್ಟೆಗೆ ಇಳಿಸಿದರು, ನೀರು ಕೆಳಗೆ ಹೋಗಿತ್ತು, ಮೇಲಿಂದ ಎಳೆಯುತ್ತಿರಲಿಲ್ಲ, ಯಾರ್ಗೂ ಒಳೀದೆ ಇದ್ದದ್ದು ನಂಗೊಳೀತು ನೋಡು ಎಂದು ನನ್ನ ಗಂಡ ಮೀಸೆ ತಿರುವಿದ್ದರು, ನಾನು ಬುತ್ತಿ ತರುವಷ್ಟರಲ್ಲಿ ಸ್ಪೀಡು ತಗ್ಗಿಸಿ ಬತ್ತೀನಿ ಅಂತ ಇಳಿದರಂತೆ, ಬುತ್ತಿ ಇಲ್ಲೇ ಇದೆ, ಮುದ್ದೆ ಇನ್ನೂ ಬಿಸಿ — ಹೋದ ವರ್ಷ ಆಯುಧಪೂಜೆ, ಇದೇ ಇಂಜಿನ್ನಿಗೆ ಕುಂಕುಮ ಇಡುತ್ತ ಕೇಳಿದ್ದರು, ಬಿಎಸ್ಸಿ ಓದಿದೀಯಲ್ಲ, ಇಂಜಿನ್ ಅಂದ್ರೆ ಏನರ್ಥ ಯೋಳು, ನಿಘಂಟು ತೆಗೆದೆ, ಲ್ಯಾಟಿನ್ನಿನಲ್ಲಿ ಅದು ಹುಟ್ಟಿನಿಂದ ಬಂದ ಜಾಣತನ, ಆಮೇಲೆ ಜಾಣತನ ಹೂಡಿದ ಉಪಾಯ, ಕೋಟೆಗೆ ಕಲ್ಲೆಸೆಯುವ ಯಂತ್ರ, ಬೇಟೆಯ ಬೋನು, ಉಗಿ ಡೀಸೆಲ್ಲು ಎಲ್ಲ ಎಷ್ಟೋ ಕಾಲದ ಮೇಲೆ, ಆದರೆ ಅವರು ಮೊದಲನೆಯದಕ್ಕೇ ನಿಂತುಬಿಟ್ಟರು, ಅಂಗಾದ್ರೆ ನಾನೇ ಇಂಜಿನ್ನು ಕಣೆ, ಎಸ್ಸೆಲ್ಸಿ ಮೂರು ಸಲ ಫೇಲಾದ್ ಇಂಜಿನ್ನು, ನಕ್ಕು ನಕ್ಕು ಕುಂಕುಮ ನನ್ನ ಮೂಗಿಗೂ ಬಳಿದರು — ಮಾವನ ಮೊಣಕೈ ನನ್ನ ಎದೆಗೆ ಬಡಿಯುತ್ತದೆ, ಕಲ್ಲು ಕಣೆ ನೀನು, ಓದಿದ್ ಕಲ್ಲು, ಬಡಿಯಲಿ, ಬಿಟ್ಟರೆ ಇಬ್ಬರೂ ಹೋಗುತ್ತಾರೆ, ಬಿಡದಿದ್ದರೆ ಗಂಡನ ಬಳಿಗೆ ಯಾರನ್ನೂ ಬಿಡದವಳು ನಾನು, ಬದುಕಿರುವಷ್ಟು ದಿನ ಇವರ ಅಂಗಳದಲ್ಲಿ ಇದೇ ಕಣ್ಣುಗಳ ಎದುರು ಬಾಳಬೇಕು, ಆದರೂ ಕೈ ಬಿಡುತ್ತಿಲ್ಲ, ನನ್ನ ಕೈಯೇ, ನನಗೆ ಗುರುತಾಗುತ್ತಿಲ್ಲ — ನೀರು ಬರುತ್ತಿದೆ, ಮಡಿ ತುಂಬಿ ಹರಿದು ನನ್ನ ಪಾದ ಮುಟ್ಟಿತು, ತಣ್ಣಗಿದೆ, ನಿಲ್ಲು, ನೀರೇ ನಿಲ್ಲು ಎಂದು ಯಾರಾದರೂ ಬೇಡಿದ್ದುಂಟೆ, ಇಂಜಿನ್ ಕೆಮ್ಮುತ್ತದೆ, ಗಾಳಿಯಿಲ್ಲದೆ ಅದಕ್ಕೂ ಉಸಿರು ಕಟ್ಟಿತೇನೋ, ತೋಳಿನಷ್ಟಿದ್ದದ್ದು ಮಣಿಕಟ್ಟಿನಷ್ಟು, ಬೆರಳಿನಷ್ಟು, ನಿಂತಿತು, ಮಾವ ನನ್ನ ಕೈಯಲ್ಲೇ ಕುಸಿದು ಕೂತರು, ಸದ್ದಿಲ್ಲ, ಈಗ ಕೂಗಿದರೆ ಕೇಳಿಸಬೇಕು, ರೀ, ರೀ ಅಂದೆ, ಆಮೇಲೆ ಒಂದು ದಿನವೂ ಬಾಯಲ್ಲಿ ಆಡದ ಹೆಸರು ಹಿಡಿದು ಕೂಗಿದೆ, ಚೆಲುವರಾಜೂ, ಬಾವಿ ಅದನ್ನೇ ತಿರುಗಿ ಹೇಳಿತು, ದೂರದಲ್ಲಿ ಜನ ಓಡಿಬರುತ್ತಿದ್ದಾರೆ, ಪೈಪಿನ ಬಾಯಲ್ಲಿ ಒಂದು ಹನಿ, ತುಂಬಿಕೊಂಡು, ಬೀಳದೆ, ಪೈಪಿನ ಬಾಯಲ್ಲಿ ಒಂದು ಹನಿ —