ಮೀನು ಕೊಯ್ದ ಈಳಿಗೆಮಣೆ

ನಾನು ಒಂದು ಈಳಿಗೆಮಣೆ. ಸಿಂಧನೂರು ಸೀಮೆಯ ಜಾಲಿಮರ ನನ್ನ ತಾಯಿ, ಮುರಿದ ಚಕ್ಕಡಿ ಗಾಲಿಯ ಕಬ್ಬಿಣದ ಹಳಿ ನನ್ನ ತಂದೆ. ಬಡಿಗ ಮಣೆ ಕೆತ್ತಿದ, ಕಮ್ಮಾರ ಅಲಗು ಬಡಿದು ತುದಿಗೆ ಕಾಯಿ ತುರಿಯುವ ಹಲ್ಲು ಮೂಡಿಸಿದ. ಕುಲುಮೆಯಿಂದ ಹೊರಬಿದ್ದ ದಿನವೇ ಪಕ್ಕದಲ್ಲಿದ್ದ ಕುಡುಗೋಲಿನ ಹೊಳಪು ಕಂಡು ನನಗೆ ಹೊಟ್ಟೆಯುರಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನಾನಂತೂ ಸುಟ್ಟೇ ಹುಟ್ಟಿದವಳು.

ನನ್ನನ್ನು ಮಾಡಿಸಿದವಳು ಕಾಲುವೆ ಪಕ್ಕದ ಹಳ್ಳಿಯ ಗುರುಬಸಮ್ಮ. ಮಾಂಸ ಮೀನು ಸುಳಿಯದ ಅಡುಗೆಮನೆ ಅವಳದು. ಮಣೆಯ ಮೇಲೆ ಒಂದು ಮೊಣಕಾಲೂರಿ ಬದನೆಕಾಯಿ, ಈರುಳ್ಳಿ ಹೆಚ್ಚುತ್ತಿದ್ದಳು. ಸಂಜೆ ತೊಳೆದು ಗೋಡೆಗೆ ಒರಗಿಸುತ್ತಿದ್ದಳು. ಆ ಮನೆಯಲ್ಲಿ ನನಗೆ ಸರಿಸಮ ಯಾರೂ ಇರಲಿಲ್ಲ, ಹಾಗಾಗಿ ಸುಖವಾಗಿದ್ದೆ.

ಆಮೇಲೆ ಲಾರಿಗಳು ಬಂದವು. ಪೂರ್ವ ಬಂಗಾಳದಿಂದ ಎಲ್ಲ ಬಿಟ್ಟು ಬಂದ ಜನರನ್ನು ಸರ್ಕಾರ ನಮ್ಮ ಹಳ್ಳಿಯಾಚೆ ತಗಡಿನ ಶೆಡ್ಡುಗಳಲ್ಲಿ ಇಳಿಸಿತು. ಆ ಜಾಗಕ್ಕೆ ಕ್ಯಾಂಪ್ ಎಂದರು. ಇವತ್ತಿಗೂ ಅದೇ ಹೆಸರು. ಅನ್ನ ಉಣ್ಣುವ ಆ ಜನಕ್ಕೆ ಮೊದಲು ಸಿಕ್ಕಿದ್ದು ಜೋಳ. ಪಾಪ, ಅದನ್ನು ಅಕ್ಕಿಯ ಹಾಗೆ ಎಸರಿಗೆ ಸುರಿದು, ಈಗ ಬೆಂದೀತು ಆಗ ಬೆಂದೀತು ಎಂದು ಒಲೆಯ ಮುಂದೆ ಕಾಯುತ್ತಾ ಕೂತರು.

ಅವರಲ್ಲಿ ಕುಸುಮಬಾಲಾ ಎಂಬ ಚಿಕ್ಕ ವಯಸ್ಸಿನ ತಾಯಿ ಇದ್ದಳು. ಒಂದು ದಿನ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಗುರುಬಸಮ್ಮನ ಬಾಗಿಲಿಗೆ ಬಂದಳು, ಹೆಚ್ಚುವ ಸನ್ನೆ ಮಾಡಿದಳು. ಗುರುಬಸಮ್ಮ ನನ್ನನ್ನು ಎರವಲು ಕೊಟ್ಟಳು. ಅಲ್ಲಿ ಕುಸುಮಬಾಲಾ ನನ್ನ ಮೇಲೆ ಮೊಣಕಾಲೂರಲಿಲ್ಲ. ಕುಕ್ಕರಗಾಲಲ್ಲಿ ಕೂತು ಪಾದದಿಂದ ನನ್ನನ್ನು ಒತ್ತಿ ಹಿಡಿದು ಕುಂಬಳಕಾಯಿ ಹೆಚ್ಚಿದಳು. ತುಳಿಸಿಕೊಂಡೆನಲ್ಲ ಎಂದು ಸಿಟ್ಟು ಬಂತು. ಸಂಜೆ ಬೂದಿಯಿಂದ ತಿಕ್ಕಿ ವಾಪಸ್ ಕೊಟ್ಟಳು.

ಹೀಗೆ ಎಷ್ಟೋ ಸಲ ಹೋದೆ, ಬಂದೆ. ಒಂದು ಸಂಜೆ ಗುರುಬಸಮ್ಮ ನನ್ನನ್ನು ಕೈಗೆ ತೆಗೆದುಕೊಂಡವಳೇ ಮೂಗು ಮುಚ್ಚಿಕೊಂಡಳು. ಕುಸುಮಬಾಲಾ ನನ್ನ ಮೇಲೆ ಕಾಲುವೆಯ ಮೀನು ಕೊಯ್ದಿದ್ದಳು.

"ಇರ್ಲಿ ಬಿಡವ್ವಾ, ನೀನಾ ಇಟ್ಕೊ. ನಾ ಇನ್ನೊಂದು ಮಾಡಸ್ಕೋತೀನಿ."

ಮೀನು ಮುಟ್ಟಿದ ಈಳಿಗೆ ಆ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಗುರುಬಸಮ್ಮ ಬೈಯುವ ಬದಲು ಕೊಟ್ಟ ಹಾಗೆ ಮಾಡಿ ಕೈತೊಳೆದುಕೊಂಡಳು. ನನ್ನ ಗೋಡೆಗೆ ಹೊಸದೊಂದು ಈಳಿಗೆ ಬಂದು ಒರಗಿತೆಂದು ಕೇಳಿ ಒಳಗೊಳಗೇ ಕುದಿದೆ. ಕ್ಯಾಂಪಿನ ಕೊಡ, ಬಾಣಲೆಗಳ ಮುಂದೆ ಮಾತ್ರ "ನಾನು ಉಡುಗೊರೆಯಾಗಿ ಬಂದವಳು" ಎಂದು ಬೀಗಿದೆ. ಮೈಲಿಗೆಯಾಗಿ ಬಂದೆ ಎಂದು ಯಾರು ತಾನೇ ಹೇಳಿಕೊಳ್ಳುತ್ತಾರೆ?

ಕುಸುಮಬಾಲಾ ರೊಟ್ಟಿ ಬಡಿಯಲು ಕಲಿತಳು, ಕನ್ನಡ ಕಲಿತಳು, ಗದ್ದೆ ನಾಟಿ ಮಾಡಿ ಮತ್ತೆ ಅನ್ನ ಉಂಡಳು. ಕಂಕುಳಲ್ಲಿದ್ದ ಕೂಸು ಬೆಳೆದು ಮದುವೆಯಾಯಿತು. ಆಗ ಸೊಸೆಯ ತವರಿನವರು ಕೋಲ್ಕತ್ತಾದಿಂದ ಒಂದು ಬೊಟಿ ತಂದರು. ಬೊಟಿ ಎಂದರೆ ಅವರ ಕಡೆಯ ಈಳಿಗೆ. ಅಗಲವಾದ ಅಲಗು, ಕೊಕ್ಕರೆಯ ಕತ್ತಿನ ಹಾಗೆ ಬಾಗು. ಬಂದ ದಿನವೇ ದೊಡ್ಡ ಮೀನಿನ ತಲೆ ಅವಳ ಪಾಲಾಯಿತು. ನನಗೆ ಉಳಿದದ್ದು ಕಾಯಿ ತುರಿಯುವ ಕೆಲಸ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲವಂತೆ; ಇವಳು ಸೊಸೆಯೂ ಅಲ್ಲ, ಸವತಿ! ಅವಳನ್ನು ನೋಡಿ ಉರಿದು ಉರಿದೇ ನನ್ನ ಅಲಗು ಕಪ್ಪಾಯಿತು.

ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮೌನೇಶ ಸರ್ ಎಂಬ ಗ್ರಂಥಪಾಲಕರು ತಿಂಗಳಿಗೊಂದು ಉಪನ್ಯಾಸ ಇಡುತ್ತಾರೆ. ಈ ಸೀಮೆಗೆ ವಲಸೆ ಬಂದವರು ಅಂದು ಏನು ಉಂಡರು, ಹೇಗೆ ಉಂಡರು ಎಂಬುದು ಈ ವರ್ಷದ ವಿಷಯ. ನಮ್ಮ ಕ್ಯಾಂಪಿನ ಸರದಿ ಬಂತು. ಮಾತಾಡುವವಳು ಕುಸುಮಬಾಲಾಳ ಮೊಮ್ಮಗಳು, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಪಿಯಾಲಿ. ಅಂದು ತೋರಿಸಿದ ವಸ್ತುವನ್ನು ಗ್ರಂಥಾಲಯದ ಗಾಜಿನ ಕಪಾಟಿನಲ್ಲಿ ಶಾಶ್ವತವಾಗಿ ಇಡುತ್ತಾರೆಂದು ಕೇಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ.

ಬೊಟಿಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿದರು. ನನ್ನನ್ನೂ ಗೋಣಿಚೀಲಕ್ಕೆ ತುರುಕಿದರು, ಬಂದವರಿಗೆ ಹಂಚುವ ಕೊಬ್ಬರಿ ಉಂಡೆಗೆ ಕಾಯಿ ತುರಿಯಬೇಕಲ್ಲ! ಅವಳು ಸಭೆಯಲ್ಲಿ, ಕೆಂಪು ಬಟ್ಟೆ ಹಾಸಿದ ಮೇಜಿನ ಮೇಲೆ. ನಾನು ಹೊರಗೆ, ಕಿಟಕಿಯ ಕೆಳಗೆ.

"ನಮ್ಮ ಠಾಕುಮಾ, ಅಂದ್ರೆ ನಮ್ಮಜ್ಜಿ, ಗಡಿ ದಾಟುವಾಗ ಈ ಬೊಟಿಯನ್ನು ಎದೆಗೆ ಅವಚಿಕೊಂಡು ತಂದರು" ಎಂದಳು ಪಿಯಾಲಿ ಮೈಕಿನಲ್ಲಿ. ಜನ ಚಪ್ಪಾಳೆ ತಟ್ಟಿದರು. ಅಲಗನ್ನು ಎದೆಗೆ ಅವಚಿಕೊಂಡವರು ಬದುಕುತ್ತಾರೆಯೇ ಎಂದು ಒಬ್ಬರಾದರೂ ಕೇಳಬಾರದೇ?

ಮುಂದಿನ ಸಾಲಿನಲ್ಲಿದ್ದ ಕುಸುಮಬಾಲಾ ಎದ್ದು ನಿಂತಳು.

"ಹಂಗಲ್ಲ ಪಿಯಾಲಿ. ಗಡಿ ದಾಟುವಾಗ ನನ್ನ ಕೈಯಾಗ ನಿಮ್ಮಪ್ಪ ಇದ್ದ, ಮತ್ತೇನೂ ಇದ್ದಿಲ್ಲ. ಈ ಬೊಟಿ ನಿಮ್ಮವ್ವನ ಮದುವ್ಯಾಗ ಬಂದದ್ದು. ಹೊರಗ ಕಾಯಿ ತುರಿಯಾಕ ಇಟ್ಟಾರಲ್ಲ, ಅದನ್ನ ತರ್ರಿ."

ಪಿಯಾಲಿಯ ಮುಖ ಚಿಕ್ಕದಾಯಿತು. ಮೈಗೆಲ್ಲ ಕಾಯಿತುರಿ ಮೆತ್ತಿಕೊಂಡಿದ್ದಂತೆಯೇ ನನ್ನನ್ನು ತಂದು ಬೊಟಿಯ ಪಕ್ಕದಲ್ಲಿ ಇಟ್ಟರು. ಸವತಿಯ ಕಡೆ ಒಮ್ಮೆ ನೋಡಿದೆ. ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

"ಇದು ಗುರುಬಸಮ್ಮಕ್ಕ ನನಗ ಪ್ರೀತಿಲೆ ಕೊಟ್ಟದ್ದು" ಎಂದಳು ಕುಸುಮಬಾಲಾ.

ಹಳ್ಳಿಯವರನ್ನೂ ಕರೆದಿದ್ದರು. ಹಿಂದಿನ ಸಾಲಿನಿಂದ ಕೋಲೂರಿ ಒಬ್ಬ ಮುದುಕಿ ಎದ್ದಳು. ನನ್ನ ಗುರುಬಸಮ್ಮ! ಮುಪ್ಪು ಅವಳನ್ನು ಹಣ್ಣು ಮಾಡಿತ್ತು, ದನಿ ಮಾತ್ರ ಅದೇ.

"ಪ್ರೀತಿಲೆ ಕೊಟ್ಟಿಲ್ಲಬೇ ಯವ್ವಾ. ಮೀನ ಕೊಯ್ದಿದ್ದಿ, ನಾತ ಬಂತು, ಒಳಗ ಒಯ್ಯಾಕ ಮನಸ್ಸು ಬರ್ಲಿಲ್ಲ. ನೀ ಮಂದಿ ಮುಂದ ನನ್ನ ಹೊಗಳಿದಾಗೆಲ್ಲ ನಾ ನಾಚಿಕಿಲೆ ಸತ್ತೀನಿ."

ಸತ್ತದ್ದು ನಾನು. ಇಡೀ ಸಭೆಯ ಮುಂದೆ, ಅದೂ ಸವತಿಯ ಪಕ್ಕದಲ್ಲಿ ನನ್ನ ಮಾನ ಹೋಯಿತು.

ಕುಸುಮಬಾಲಾ ನಕ್ಕಳು. "ನನಗ ಗೊತ್ತಿತ್ತಕ್ಕಾ. ನಾವು ಮೀನಿನ ಬುಟ್ಟಿ ಹಿಡಕೊಂಡು ಹೋದ್ರ ನೀವು ಬಾವಿ ಕಟ್ಟಿಮ್ಯಾಲಿನ ಕೊಡ ಸರಸ್ತಿದ್ರಿ, ನೋಡಿದ್ನಿ. ದಿನಾ ಸಂಜಿಗೆ ಇದನ್ನ ವಾಪಸ್ ಕೊಡಾಗ ನನಗ ಹೊಟ್ಟಿ ಉರೀತಿತ್ತು. ನಿನ್ನ ಮನ್ಯಾಗ ಎಲ್ಲಾ ಐತಿ, ನನ್ನ ಮನ್ಯಾಗ ಒಂದು ಈಳಿಗಿನೂ ಇಲ್ಲಲ್ಲ ಅಂತ. ಅದಕ್ಕಾ ಬೇಕಂತ ಮೀನ ಕೊಯ್ದೆ."



"ಎಲಾ ಕಳ್ಳಿ!" ಎಂದಳು ಗುರುಬಸಮ್ಮ. "ಹಂಗಾದ್ರ ನಂದು ನನಗ ಕೊಡು."

"ಕೊಡಂಗಿಲ್ಲ."

ಇಬ್ಬರೂ ಮುದುಕಿಯರು ಮೇಜಿಗೆ ಬಂದು ನನ್ನ ಒಂದೊಂದು ತುದಿ ಹಿಡಿದು, ಕಣ್ಣೀರು ಬರುವವರೆಗೆ ನಕ್ಕರು. ಕೊನೆಗೆ ಮೌನೇಶ ಸರ್, "ಇಬ್ಬರಿಗೂ ಬ್ಯಾಡ, ಇಲ್ಲೇ ಇರ್ಲಿ" ಎಂದು ಕಪಾಟಿನ ಬಾಗಿಲು ತೆರೆದರು. ಬೊಟಿಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ ಮನೆಗೆ ಒಯ್ದರು.

ಈಗ ನಾನು ಗಾಜಿನ ಹಿಂದಿದ್ದೇನೆ. ಪೇಪರ್ ಓದಲು ಬಂದವರು ನನ್ನನ್ನು ನೋಡಿಯೇ ಹೋಗುತ್ತಾರೆ. ಉಡುಗೊರೆಯೂ ಅಲ್ಲ, ಮೈಲಿಗೆಯೂ ಅಲ್ಲ. ಬರಿಗೈಯಲ್ಲಿ ಬಂದ ಹೆಣ್ಣೊಬ್ಬಳು ಹೊಟ್ಟೆ ಉರಿದುಕೊಂಡು, ಬೇಕೇ ಬೇಕೆಂದು ಪಡೆದ ವಸ್ತು ನಾನು. ಬೊಟಿಗಾಗಿ ಯಾರು ಹಾಗೆ ಹಂಬಲಿಸಿದ್ದರು? ಇಷ್ಟಕ್ಕೆ ತೃಪ್ತಿಯಾಗಬೇಕಿತ್ತು.

ಆದರೆ ರಜೆಯ ದಿನ ಗ್ರಂಥಾಲಯಕ್ಕೆ ಬೀಗ ಬಿದ್ದಾಗ ಕ್ಯಾಂಪಿನ ನೆನಪಾಗುತ್ತದೆ. ಈ ಹೊತ್ತಿಗೆ ಅಲ್ಲಿ ಮೀನು ಬಂದಿರುತ್ತದೆ. ಕುಸುಮಬಾಲಾ ಕುಕ್ಕರಗಾಲಲ್ಲಿ ಕೂತು ಬೊಟಿಯನ್ನು ಪಾದದಿಂದ ಒತ್ತಿ ಹಿಡಿದಿರುತ್ತಾಳೆ. ಆ ಪಾದ ನೆನೆದರೆ ಈ ಗಾಜಿನೊಳಗೂ ನನಗೆ ಹೊಟ್ಟೆ ಉರಿಯುತ್ತದೆ.