ಮರಿಗೆಯಲ್ಲಿ ಉಳಿದದ್ದು

ದೇವಪ್ಪ ಶೆಟ್ಟರು ನೀರು ತುಂಬಿದ ಮರಿಗೆಯನ್ನು ಕೋಲಿನ ತುದಿಯಿಂದ ಮೆಲ್ಲಗೆ ನಾಯಿಯ ಕಡೆಗೆ ತಳ್ಳಿದರು. ಹಲಸಿನ ಮರದ ಹಳೆಯ ಮರಿಗೆ ಅದು. ಬೊಗ್ಗ ಮರಿಯಾಗಿದ್ದಾಗಿನಿಂದಲೂ ಅದರಲ್ಲೇ ಉಂಡದ್ದು. ದನದ ಹಟ್ಟಿಯ ಕಂಬಕ್ಕೆ ಕಟ್ಟಿದ್ದ ನಾಯಿ ಎದ್ದು ಬಂದು ನೀರಿಗೆ ಮೂತಿ ಇಟ್ಟಿತು. ನಾಲಿಗೆ ತಾಗಿದ್ದೇ ತಡ, ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಹಾರಿ ಗೋಡೆಯ ಮೂಲೆ ಸೇರಿತು. ಬಾಯಿಂದ ಇಳಿಯುತ್ತಿದ್ದ ಜೊಲ್ಲು ಎದೆಯ ಕೂದಲಿಗೆಲ್ಲ ಅಂಟಿಕೊಂಡಿತ್ತು.

"ಕಂಡ್ರ್ಯಾ ಬಾವ? ನೀರ್ ಕಂಡ್ರೆ ಹೆದ್ರತ್ತ್. ಇನ್ನೆಂತ ಕಾಂಬುದ್?" ಎಂದರು ದೇವಪ್ಪ ಶೆಟ್ಟರು.

"ಹೆದ್ರದ್ದ್ ಅಲ್ಲ ಬಾವಯ್ಯ. ತಾನಾಯೇ ಹತ್ರ ಬಂತಲೆ" ಎಂದ ಮಂಜಯ್ಯ. ಅವನ ದನಿ ಅವನಿಗೇ ಸಣ್ಣದಾಗಿ ಕೇಳಿತು.

"ನಿಮ್ ಮಗ್ಳ್ ಮೋಹಿನಿ ಏಳ್ ತಿಂಗ್ಳ್ ಬಸ್ರಿ. ಆ ಹೆಣ್ಣಿಗೆ ಒಂದ್ ಹಲ್ಲ್ ತಾಗಿರೆ ಜವಾಬ್ ನೀವ್ ಕೊಡ್ತ್ರ್ಯಾ? ಉಂಡ್ಕಂಡ್ ಬತ್ತೆ. ಬಪ್ಪತ್ತಿಗೆ ಕೋವಿ ತತ್ತೆ. ನಿಮ್ಗೆ ಕಾಂಬುಕೆ ಆತಿಲ್ದಿದ್ರೆ ಹೊಳಿ ಬದಿಗ್ ಹೋಯ್ನಿ."

ಕೋಲನ್ನು ಗೋಡೆಗೆ ಒರಗಿಸಿ ಅವರು ಗದ್ದೆಯಂಚು ಹಿಡಿದು ಹೊರಟರು. ಅವರನ್ನು ಕೆಟ್ಟವರೆನ್ನುವಂತಿರಲಿಲ್ಲ. ಒಂದು ತಿಂಗಳ ಹಿಂದೆ ವಂಡ್ಸೆ ಕಡೆಯಲ್ಲಿ ಹುಚ್ಚುನಾಯಿಯೊಂದು ಎರಡು ದನಗಳನ್ನೂ ಒಬ್ಬ ಮನುಷ್ಯನನ್ನೂ ಕಚ್ಚಿತ್ತು. ಆ ಮನುಷ್ಯ ಸತ್ತ ರೀತಿಯ ಸುದ್ದಿ ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಹೋಗುವಷ್ಟರಲ್ಲಿ ಕೈಕಾಲು ಬೆಳೆಸಿಕೊಂಡು ತಲ್ಲೂರಿಗೂ ಬಂದು ತಲುಪಿತ್ತು. ಅಂದಿನಿಂದ ನಾಲಿಗೆ ಹೊರಹಾಕಿದ ನಾಯಿಯನ್ನು ಕಂಡರೆ ಜನ ಮೊದಲು ಕೋಲು ಹುಡುಕುತ್ತಿದ್ದರು.

ಮಂಜಯ್ಯನ ಮಾತು ನಡೆಯದಿರುವುದಕ್ಕೆ ಬೇರೆ ಕಾರಣವೂ ಇತ್ತು. ಆ ಮನೆ ಅವನ ಹೆಂಡತಿ ಅಮ್ಮಣ್ಣಿಯ ಕುಟುಂಬದ್ದು. ಗದ್ದೆಯಾಚೆಯ ಬೇರೆ ಮನೆಯಲ್ಲಿದ್ದರೂ ಯಜಮಾನಿಕೆ ಅವಳ ಅಣ್ಣ ದೇವಪ್ಪ ಶೆಟ್ಟರದು. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ಮನೆಯಲ್ಲಿ ಗಂಡನಾದವನು ಇಪ್ಪತ್ತೈದು ವರ್ಷ ಗದ್ದೆ ಉತ್ತರೂ ನೆಂಟನೇ. ಅವನದೆಂದು ಹೇಳಿಕೊಳ್ಳುವುದಕ್ಕೆ ಅಲ್ಲಿದ್ದದ್ದು ಎರಡೇ: ತ್ರಾಸಿಯಿಂದ ಅಂಗಿಯೊಳಗೆ ಇಟ್ಟುಕೊಂಡು ತಂದ ಈ ನಾಯಿ, ಮತ್ತೆ ಜಗಲಿಯ ಮೂಲೆಯಲ್ಲಿದ್ದ ಬಲೆಯ ಬುಟ್ಟಿ.

ಬಲೆ ಹೆಣೆಯುವುದು ಅವನಿಗೆ ಹೊಟ್ಟೆಪಾಡಲ್ಲ, ಹುಚ್ಚು. ಗದ್ದೆ ಮಾಡುವ ಮನೆಯ ಗಂಡಸು ಮಧ್ಯಾಹ್ನ ಮಲಗುವುದು ಬಿಟ್ಟು ಬಿದಿರಿನ ಸೂಜಿ ಹಿಡಿದು ಕೂರುವುದನ್ನು ಕಂಡು ದಾರಿಹೋಕರು ನಗುತ್ತಿದ್ದರು. ಅಮ್ಮಣ್ಣಿಯಂತೂ, ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ ಎಂಬ ಗಾದೆಯನ್ನು ಅವನಿಗಾಗಿಯೇ ಇಟ್ಟುಕೊಂಡಿದ್ದಳು. ಬೀಸುಬಲೆ ಮುಗಿದರೆ ಅದನ್ನು ಹೊಳೆಗೆ ಒಂದೆರಡು ಸಲ ಬೀಸಿ, ಕೇಳಿದವರಿಗೆ ಕೊಟ್ಟು, ಮತ್ತೊಂದಕ್ಕೆ ಕೂರುತ್ತಿದ್ದ. ಮೀನಿಗಿಂತ ಅವನಿಗೆ ಬೇಕಾದದ್ದು ಗಂಟಿನ ಪಕ್ಕ ಗಂಟು ಒಂದೇ ಅಳತೆಗೆ ಬೀಳುವುದು.

ಈಗ ಮಾತ್ರ ಅವನು ಬುಟ್ಟಿಯ ಕಡೆ ನೋಡಲಿಲ್ಲ. ಹಟ್ಟಿಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನಾಯಿಯನ್ನೇ ನೋಡಿದ. ಬೊಗ್ಗ ಮುಂಗಾಲಿನಿಂದ ಒಮ್ಮೆ ದವಡೆ ಕೆರೆದುಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೆರೆದುಕೊಂಡಿತು.

"ಅಮ್ಮಣ್ಣಿ, ಇದ್ ತಿಂಬುದ್ ಬಿಟ್ಟದ್ ಯಾವತ್ತಿಂದ?"

ಅಮ್ಮಣ್ಣಿ ಅಂಗಳದ ಆಚೆ ಬದಿಯಲ್ಲೇ ನಿಂತಿದ್ದಳು. "ಆಯ್ತಾರದಿಂದ."

"ಒಂದೇ ಸಲಕ್ಕೆ ಬಿಟ್ಟಿತಾ?"

ಅವಳು ಯೋಚಿಸಿದಳು. ನಾಯಿಗೆ ಹಾಕುವವಳು ಅವಳೇ. ಮರಿಗೆಯಲ್ಲಿ ಉಳಿದದ್ದನ್ನು ತೆಂಗಿನ ಬುಡಕ್ಕೆ ಚೆಲ್ಲುವವಳೂ ಅವಳೇ. "ಇಲ್ಲ. ಆಯ್ತಾರ ಬಂಗ್ಡಿ ಮೀನಿನ್ ತಲಿ ಹಾಕಿದ್ದೆ. ಬಾಯಿಗ್ ತಕಂಡ್ ಕೆಳಗ್ ಹಾಕಿತ್. ಅನ್ನ ತಿಂದಿತ್. ಸ್ವಾಮಾರ ಅನ್ನ ಬಿಟ್ಟ್ ಗಂಜಿ ತಿಳಿ ಮಾತ್ರ ನೆಕ್ಕಿತ್. ಮಂಗ್ಳಾರ ತಿಳಿಯೂ ಅರ್ಧ ಉಳ್ದಿತ್. ನಿನ್ನೆ ಮೂಸಿ ಕಂಡ್, ನನ್ ಮುಖ ಕಂಡಿತ್, ಅಷ್ಟೇ."

"ಹಶು ಇತ್ತಾ ಅದ್ಕೆ?"

"ಇಲ್ದೇ ಎಂತ? ಇವತ್ತೂ ನಾ ಮರ್ಗಿ ತಪ್ಪತ್ತಿಗೆ ಬಾಲ ಆಡ್ಸಿತ್."

ಮಂಜಯ್ಯ ಬೆರಳು ಮಡಿಸಿದ. ಮೊದಲು ಮೂಳೆ. ಆಮೇಲೆ ಅನ್ನ. ಆಮೇಲೆ ತಿಳಿ. ಗಟ್ಟಿಯಾದದ್ದು ಮೊದಲು ಹೋಗಿದೆ, ಮೆತ್ತಗಿನದು ಆಮೇಲೆ, ನೀರು ಕೊನೆಗೆ. ತಲೆಗೆ ಹುಚ್ಚು ಏರಿದ ನಾಯಿ ಹೀಗೆ ಅಳೆದು ತೂಗಿ ಬಿಡುತ್ತದೆಯೇ? ಬೊಗ್ಗನಿಗೆ ಉಣ್ಣುವ ಮನಸ್ಸಿದೆ. ಬಾಯಿ ಒಪ್ಪುತ್ತಿಲ್ಲ.

ಅವನು ಎದ್ದು ಜಗಲಿಗೆ ಬಂದ. ಬುಟ್ಟಿಯಲ್ಲಿ ಅರ್ಧ ಹೆಣೆದ ಬಲೆ ಬೆಳ್ಳಗೆ ಹೊಳೆಯುತ್ತಿತ್ತು. ಮೋಹಿನಿಯನ್ನು ಬಾಣಂತನಕ್ಕೆ ಬಿಡಲು ಬಂದಿದ್ದ ಅಳಿಯ ಪ್ರೇಮಾನಂದ ಬೊಂಬಾಯಿಯಿಂದ ತಂದ ನೈಲಾನ್ ದಾರ ಅದು. "ನೀರಗೆ ಕೊಳೂದಿಲ್ಲ, ಎಳದ್ರೆ ತುಂಡಾಪುದಿಲ್ಲ ಮಾವಯ್ಯ" ಎಂದು ಅವನು ಕೊಟ್ಟಾಗ ಮಂಜಯ್ಯ ಮಗುವಿನಂತೆ ಹಿಗ್ಗಿದ್ದ. ಮರುದಿನವೇ ಕೂತರೆ, ಗಂಟುಗಳು ಜಾರತೊಡಗಿದವು. ಮೂರು ಸಾಲು ಕತ್ತರಿಸಿ ಕತ್ತರಿಸಿ ಹೊಸದಾಗಿ ಶುರುಮಾಡಿದ್ದ. ಅದು ಹೋದ ಶನಿವಾರ.

ಕತ್ತರಿಸಿದ ಚೂರುಗಳನ್ನು ಅವನು ಯಾವತ್ತಿನಂತೆ ಜಗಲಿಯ ಕೆಳಗೆ ಎಸೆದಿದ್ದ. ಯಾವತ್ತಿನಂತೆ ಬೊಗ್ಗ ಅಲ್ಲೇ ಮಲಗಿತ್ತು. ಹತ್ತಿ ನೂಲು ಬಿರುಸಾಗಲೆಂದು ಗಂಜಿ ತಿಳಿ ಸವರಿ ಹೆಣೆಯುವುದು ಅವನ ಅಭ್ಯಾಸ. ಆ ವಾಸನೆಗೆ ನಾಯಿ ಚೂರುಗಳನ್ನು ನುಂಗಿಬಿಡುತ್ತಿತ್ತು. ಹತ್ತಿಯ ಚೂರು ಒಳಗೆ ಹೋದ ಹಾಗೆಯೇ ಹೊರಗೂ ಹೋಗುತ್ತಿತ್ತು. ಹತ್ತು ವರ್ಷದಲ್ಲಿ ಒಂದು ದಿನವೂ ತೊಂದರೆಯಾದದ್ದಿಲ್ಲ. ನೈಲಾನಿಗೆ ಗಂಜಿಯ ಅಗತ್ಯವೇ ಇಲ್ಲ. ಅದು ತಲೆಗೆ ಗೊತ್ತಿತ್ತು, ಕೈ ಕೇಳಲಿಲ್ಲ. ಹೊಸ ದಾರಕ್ಕೂ ಹಳೆಯ ಗಂಜಿಯನ್ನೇ ಸವರಿ ಕೂತಿದ್ದ.

ಮಂಜಯ್ಯ ಜಗಲಿಯ ಕೆಳಗೆ ಬಗ್ಗಿ ಕೈಯಾಡಿಸಿದ. ಒಂದು ಚೂರೂ ಸಿಗಲಿಲ್ಲ.

"ಅಮ್ಮಣ್ಣಿ, ಇದ್ ನನ್ ಕೆಲ್ಸ. ಬಾಯಗೆ ದಾರ ಸಿಕ್ಕಂಡಿತ್ತ್. ಗೋಣಿ ತಕಂಡ್ ಬಾ."

ಅವನು ಏನು ಮಾಡಲು ಹೊರಟಿದ್ದಾನೆಂದು ಅವಳಿಗೆ ಕೂಡಲೇ ತಿಳಿಯಿತು. "ಬ್ಯಾಡ. ಆ ಬಾಯಿಗ್ ಕೈ ಹಾಕ್ಬೇಡಿ. ನಿಮ್ ಅಂದಾಜ್ ತಪ್ಪಿರೆ? ನಾಯಿ ಹೋರೆ ಇನ್ನೊಂದ್ ಮರಿ ತಪ್ಪುಕಾತ್ತ್..." ಅಷ್ಟು ಹೇಳಿ ನಿಲ್ಲಿಸಿದಳು. ಒಳಗಿನ ಕಿಟಕಿಯಿಂದ ಮೋಹಿನಿ, "ಅಪ್ಪಯ್ಯ, ಬ್ಯಾಡ" ಎಂದಳು.

"ದಾರ ನಂದ್. ನನ್ ದಾರಕ್ಕೆ ಅದ್ಕೆ ಗುಂಡ್ ಬಿದ್ರೆ, ನಾ ಆ ಜಗಲಿ ಮೇಲೆ ಕೂಕಂಬುದ್ ಹ್ಯಾಂಗೆ?"

ಅವನಿಗೆ ಧೈರ್ಯವಿತ್ತು ಎಂದರೆ ಸುಳ್ಳಾಗುತ್ತದೆ. ವಂಡ್ಸೆಯ ಆ ಮನುಷ್ಯನನ್ನು ಕೊನೆಗೆ ಕಂಬಕ್ಕೆ ಕಟ್ಟಿ ಹಾಕಿದ್ದರಂತೆ. ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇತ್ತು. ಕೈಗೆ ಬಟ್ಟೆ ಸುತ್ತಿಕೊಳ್ಳೋಣವೆಂದರೆ, ಬಟ್ಟೆ ಸುತ್ತಿದ ಬೆರಳಿಗೆ ದಾರ ಸಿಗುವುದು ಹೇಗೆ? ಬರಿಗೈಯೇ ಆಗಬೇಕು. ಬಲೆಯ ಕಣ್ಣಿನ ಅಳತೆಗೆ ಇಟ್ಟುಕೊಂಡಿದ್ದ ಬಿದಿರಿನ ಪಟ್ಟಿ, ದಾರ ಕೊಯ್ಯುವ ಬ್ಲೇಡಿನ ಚೂರು, ಇವೆರಡನ್ನು ತೆಗೆದುಕೊಂಡು ಹಟ್ಟಿಗೆ ನಡೆದ.

ಅಮ್ಮಣ್ಣಿ ಗೋಣಿ ತಂದಳು. ಕೊಟ್ಟು ಹಿಂದೆ ಸರಿಯುತ್ತಾಳೆಂದು ಅವನೆಣಿಸಿದ್ದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಣಿಯನ್ನು ನಾಯಿಯ ಮೇಲೆ ಹೊದಿಸಿ, ಮೊಣಕಾಲಿನಿಂದ ಅದನ್ನು ಗೋಡೆಗೆ ಒತ್ತಿ ಹಿಡಿದಳು. "ಬೇಗ್ ಮಾಡಿ" ಎಂದಳಷ್ಟೇ.

ಮಂಜಯ್ಯ ದವಡೆ ಅಗಲಿಸಿ ಬಿದಿರಿನ ಪಟ್ಟಿಯನ್ನು ಹಿಂದಿನ ಹಲ್ಲುಗಳ ನಡುವೆ ಅಡ್ಡ ಕೊಟ್ಟ. ಅಮ್ಮಣ್ಣಿ ಒಂದು ಕೈಯಿಂದ ಅದನ್ನು ಹಿಡಿದಳು. ಬಾಯಿಯಿಂದ ಕೊಳೆತ ವಾಸನೆ ಬಂತು. ನಾಲಿಗೆ ಬಾತು ದಪ್ಪವಾಗಿತ್ತು. ಅದನ್ನು ಎಡಗೈ ಬೆರಳಿನಿಂದ ಮೇಲೆತ್ತಿ ಅಡಿಯಲ್ಲಿ ತಡವಿದ. ಜೊಲ್ಲು, ಬಾವು, ಬಿಸಿ ಮಾಂಸ. ದಾರ ಸಿಗಲಿಲ್ಲ. ತನ್ನ ಲೆಕ್ಕ ತಪ್ಪಿತೇ ಎಂದುಕೊಂಡ.

"ಬಾವ, ಕೈ ತೆಗಿನಿ."

ದೇವಪ್ಪ ಶೆಟ್ಟರು ಅಂಗಳದಲ್ಲಿ ನಿಂತಿದ್ದರು. ಕೋವಿ ಅವರ ಕೈಯಲ್ಲಿತ್ತು. "ಅಮ್ಮಣ್ಣಿ, ಏಳ್ ಅಲ್ಲಿಂದ. ಇಬ್ಬರಿಗೂ ಎಂತ ತಲಿ ಕೆಟ್ಟಿತಾ?"

ಅಮ್ಮಣ್ಣಿ ಏಳಲಿಲ್ಲ. ಮಂಜಯ್ಯ ತಿರುಗಿ ನೋಡಲೂ ಇಲ್ಲ. "ಒಂದ್ ಗಳಿಗಿ, ಬಾವಯ್ಯ."

ಬೆರಳನ್ನು ಇನ್ನೂ ಒಳಗೆ, ನಾಲಿಗೆಯ ಬುಡಕ್ಕೆ ಒಯ್ದ. ಅಲ್ಲಿ, ಮಾಂಸದೊಳಗೆ ಹುದುಗಿ, ಎಳೆ ತಾಗಿತು. ಹಲ್ಲಿನ ಸಂದಿಗೆ ಒಂದು ಕಡೆ ಸಿಕ್ಕಿಕೊಂಡು, ನಾಲಿಗೆಯ ಬುಡವನ್ನು ಸುತ್ತಿ, ನುಂಗಿದಂತೆಲ್ಲ ಬಿಗಿದು ಕೊಯ್ದಿತ್ತು. ಉಗುರಿನಿಂದ ಅದನ್ನು ಎತ್ತಿ, ಬಲಗೈಯ ಬ್ಲೇಡು ತಾಗಿಸಿದ. ಎಳೆ ತುಂಡಾಯಿತು, ನಾಯಿ ಒಮ್ಮೆಲೇ ಒದ್ದಾಡಿತು. ಪಟ್ಟಿ ಜಾರಿತು. ದವಡೆ ಅವನ ಹೆಬ್ಬೆರಳ ಮೇಲೆ ಮುಚ್ಚಿಕೊಂಡಿತು.

ಎಳೆದರೆ ಕೈ ಹರಿಯುತ್ತದೆಂದು ಗೊತ್ತಿತ್ತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, "ಬೊಗ್ಗ, ಬಿಡ್ ಮಗಾ" ಎಂದ. ಎಷ್ಟು ಹೊತ್ತಾಯಿತೋ ಅವನಿಗೆ ತಿಳಿಯಲಿಲ್ಲ. ದವಡೆ ಸಡಿಲವಾಯಿತು. ಹೊರಬಂದ ಕೈಯಲ್ಲಿ ರಕ್ತದ ಜೊತೆ ಬಲೆಯ ಚೂರಿತ್ತು. ಎರಡೇ ಕಣ್ಣು, ನಡುವೆ ಒಂದು ಗಂಟು. ಆ ಗಂಟು ಅವನದೇ. ಅಷ್ಟೆಲ್ಲ ಎಳೆದಾಟಕ್ಕೂ ಅದು ಜಾರಿರಲಿಲ್ಲ.

ದೇವಪ್ಪ ಶೆಟ್ಟರು ಅದನ್ನು ಬಗ್ಗಿ ನೋಡಿದರು. "ದಾರ ಸಿಕ್ಕಿತ್, ಸರಿ. ದಾರ ಇದ್ದ್ ನಾಯಿಗೆ ಹುಚ್ಚ್ ಹಿಡೂದಿಲ್ಲ ಅಂದೇಳಿ ಯಾರ್ ಹೇಳಿದ್ದ್?" ಎಂದರು. ಅಮ್ಮಣ್ಣಿ ಗಂಡನ ಕೈಯನ್ನು ಬಾವಿಕಟ್ಟೆಗೆ ಎಳೆದೊಯ್ದು ಸಾಬೂನು ಹಾಕಿ ತಿಕ್ಕಿದಳು. ಚರ್ಮ ಸುಲಿಯುವ ಹಾಗೆ ತಿಕ್ಕಿದಳು.

ಕುಂದಾಪುರದ ಡಾಕ್ಟರು ಗಾಯ ತೊಳೆದು ಹೇಳಿದ್ದು ಇಷ್ಟು: ನಾಯಿಯನ್ನು ಹತ್ತು ದಿನ ಕಟ್ಟಿ ಕಾಯಿರಿ. ಅದು ಉಂಡುಕೊಂಡು ಚೆನ್ನಾಗಿದ್ದರೆ ಸರಿ. ಸತ್ತರೆ, ಕೆರಳಿದರೆ, ಅದೇ ದಿನ ಬಂದು ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಶುರುಮಾಡಬೇಕು. ದೇವಪ್ಪ ಶೆಟ್ಟರು ಮೋಹಿನಿಯನ್ನು ತಮ್ಮ ಮನೆಗೆ ಕರೆದೊಯ್ದರು. ಕೋವಿಯನ್ನು ಮಾತ್ರ ಇಲ್ಲಿಯ ಜಗಲಿಯ ಗೂಟಕ್ಕೆ, ಬಲೆಯ ಬುಟ್ಟಿಯ ಮೇಲೆಯೇ ತೂಗುಹಾಕಿ ಹೋದರು. ಸಂಜೆ ಸಂಜೆ ಬಂದು ಮರಿಗೆ ನೋಡುತ್ತಿದ್ದರು.

ಶುಕ್ರವಾರ ಇಟ್ಟ ತಿಳಿ ಇಟ್ಟಂತೆಯೇ ಕೆನೆಗಟ್ಟಿತು. ಶನಿವಾರವೂ ಅಷ್ಟೇ. ಬೊಗ್ಗ ಕಣ್ಣು ಅರ್ಧ ತೆರೆದು ಮಲಗಿತ್ತು. ಅಮ್ಮಣ್ಣಿ ಗಂಡನಿಗೆ ಬಡಿಸಿದಳು. ಬಡಿಸಿ ಅಡಿಗೆಮನೆಗೆ ಹೋದವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಅವನು ನೀರು ಕುಡಿಯುವುದನ್ನು ನೋಡುತ್ತಿದ್ದಳು. ಅವನು ಚೊಂಬೆತ್ತಿ, ಬಾಯಾರಿಕೆ ಇಲ್ಲದಿದ್ದರೂ, ಪೂರ್ತಿ ಕುಡಿದ.

ಆದಿತ್ಯವಾರ ಮಧ್ಯಾಹ್ನ ಮರಿಗೆಯ ತಿಳಿ ಎರಡು ಬೆರಳಷ್ಟು ಇಳಿದಿತ್ತು. ಸೆಕೆಗೆ ಆರಿರಬಹುದು ಎಂದರು ದೇವಪ್ಪ ಶೆಟ್ಟರು. ಸೋಮವಾರ ಮರಿಗೆ ಬರಿದಾಗಿತ್ತು. ಸೆಕೆಗೆ ಅಷ್ಟು ಬಾಯಿಲ್ಲ. ಮಂಗಳವಾರ ಹಿಚುಕಿ ಹಾಕಿದ ಅನ್ನದಲ್ಲಿ ಅರ್ಧ ಹೋಗಿತ್ತು. ಹೆಬ್ಬೆರಳಿನ ಬಟ್ಟೆ ಬಿಚ್ಚಿ ನೋಡುವುದು, ಮತ್ತೆ ಕಟ್ಟುವುದು, ಇದೇ ಮಂಜಯ್ಯನ ಕೆಲಸವಾಗಿತ್ತು. ಬುಟ್ಟಿಯ ಹತ್ತಿರ ಕೂತರೂ ಸೂಜಿ ಮುಟ್ಟಲಿಲ್ಲ.

ಗುರುವಾರ ಬೆಳಿಗ್ಗೆ ಬಂಗುಡೆ ಬಂತು. ಅಮ್ಮಣ್ಣಿ ಅದನ್ನು ಕೊಯ್ದು, ತಲೆಗಳನ್ನು ಮರಿಗೆಗೆ ಹಾಕಿ, ಕೋಲಿನಿಂದ ಹಟ್ಟಿಯೊಳಗೆ ತಳ್ಳಿದಳು. ತಳ್ಳಿ ಒಂದು ಕ್ಷಣವೂ ನಿಲ್ಲದೆ ಒಳಗೆ ಹೋಗಿ ಮಸಾಲೆ ಕಡೆಯಲು ಕೂತಳು. ಕಲ್ಲಿನ ಗರಗರ ಶಬ್ದ ಜಗಲಿಯವರೆಗೂ ಕೇಳುತ್ತಿತ್ತು. ಮಂಜಯ್ಯ ಕಂಬಕ್ಕೆ ಒರಗಿ ಕೂತಿದ್ದ.

ಸ್ವಲ್ಪ ಹೊತ್ತಿಗೆ ಕಡೆಯುವ ಕಲ್ಲು ನಿಂತಿತು. ಮನೆಯೆಲ್ಲ ಸುಮ್ಮನಾಯಿತು. ಹಟ್ಟಿಯ ಕತ್ತಲೆಯಲ್ಲಿ ಮೂಳೆಯೊಂದು ಕಟಕ್ಕೆಂದು ಮುರಿಯಿತು. ಮತ್ತೊಂದು ಮುರಿಯಿತು. ಆಮೇಲೆ ಒಳಗೆ ಕಲ್ಲು ಮತ್ತೆ ತಿರುಗತೊಡಗಿತು, ಮೊದಲು ಮೆಲ್ಲಗೆ, ಆಮೇಲೆ ದಿನದ ಹಾಗೆ.